ಹಬೀಬುನ್ನೀಸಾ ಒತ್ತದ ಹೆಬ್ಬೆಟ್ಟು

ತಾನಾಗಿಯೇ ಕೇಳಿ ಗಂಡನಿಂದ ಬಿಡುಗಡೆ ಪಡೆದಿದ್ದೇನೆಂಬ ಸಂಗತಿ ಹಬೀಬುನ್ನೀಸಾಳಿಗೆ ಗೊತ್ತಾದದ್ದು ಪಕ್ಕದ ಬೀದಿಯ ಚಿಕ್ಕಮಾದಮ್ಮನಿಂದ. ವೀಳ್ಯದೆಲೆ ಮಾರಲು ಮಳವಳ್ಳಿ ಸಂತೆಗೆ ಹೋಗಿದ್ದ ಚಿಕ್ಕಮಾದಮ್ಮ ಮದ್ದೂರಿನಲ್ಲಿ ಬಸ್ಸಿಳಿದವಳು ತನ್ನ ಮನೆಗೂ ಹೋಗದೆ, ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ, ಲಾಳ ಕಟ್ಟುವ ಬಾಬು ಜಾನನ ಮನೆಯ ಬಾಗಿಲಿಗೆ ಬಂದು ನಿಂತಳು.

"ಅಲ್ಲ ಕಣವ್ವ ಅಬೀಬಮ್ಮ, ಇಂಥ ಕೆಲ್ಸ ಮಾಡ್ಕಂಡು ನಮಗೊಂದು ಮಾತು ಏಳ್ಲಿಲ್ವಲ್ಲ ನೀನು?"

"ಏನು ಮಾಡ್ಕೊಂಡೆ ನಾನು?"

"ಗಂಡುನ್ನ ನೀನಾಗೇ ಬುಟ್ಟಂತೆ. ಮನೆ ಬ್ಯಾಡ, ಮಗಳೂ ಬ್ಯಾಡ, ನನ್ನ ಬುಟ್ಬುಟ್ರೆ ಸಾಕು ಅಂತ ಕಾಗದಕ್ಕೆ ಎಬ್ಬೆಟ್ಟು ಒತ್ತಿ ಕೊಟ್ಟಂತೆ. ಸಂತೆ ತುಂಬ ಅದೇ ಮಾತು. ಅವನಿಗೆ ಮೈಸೂರಿನ ಎಣ್ಣು ಗೊತ್ತುಮಾಡವ್ರೆ ಕಣವ್ವ."

ಹಬೀಬುನ್ನೀಸಾ ಅಪ್ಪನ ಕಾಲಿಗೆ ಹಚ್ಚಲು ಎಣ್ಣೆ ಕಾಯಿಸುತ್ತಿದ್ದಳು. ಬಾಣಲೆಯಿಂದ ಹೊಗೆ ಏಳತೊಡಗಿದರೂ ಇಳಿಸಲಿಲ್ಲ. ಒಳಗೆ ಹಾಸಿಗೆಯ ಮೇಲಿದ್ದ ಬಾಬು ಜಾನ್ "ಏನೋ ಸೀದ ವಾಸನೆ ಬರ್ತದಲ್ಲ" ಎಂದು ಕೂಗಿದಾಗ ಎಚ್ಚರಾಗಿ ಸೆರಗಿನಲ್ಲಿ ಬಾಣಲೆ ಹಿಡಿದು ಕೆಳಗಿಟ್ಟಳು. ಅಂಗೈ ಸುಟ್ಟದ್ದು ಆಮೇಲೆ ಗೊತ್ತಾಯಿತು.

ಅದು ಯುದ್ಧದ ನಾಲ್ಕನೆಯ ವರ್ಷ. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸುತ್ತಿದ್ದ ಕಾಲ. ಹಬೀಬುನ್ನೀಸಾಳ ಗಂಡ ನಜೀರ್ ಅಹ್ಮದ್ ಅಂಥದೊಂದು ಬಸ್ಸಿನ ಯಜಮಾನನಾಗಿ ಮಳವಳ್ಳಿ-ಮದ್ದೂರು ದಾರಿಯಲ್ಲಿ ಓಡಾಡುತ್ತಿದ್ದ. ಮದುವೆಯ ಹೊತ್ತಿಗೆ ಅವನು ಬೇರೊಬ್ಬರ ಬಸ್ಸಿನ ಡ್ರೈವರು, ಅಷ್ಟೆ. ಹೆಂಡತಿಗೆ ಕೊಡಬೇಕಾದ ಮಹರಿಗೆ ಬರೆಸಲು ಕೈಯಲ್ಲಿ ಏನೂ ಇಲ್ಲದೆ, ತೀರಿಕೊಂಡ ತಂದೆಯಿಂದ ಬಂದಿದ್ದ ಮಳವಳ್ಳಿಯ ಮನೆಯನ್ನೇ ಬರೆಸಿದ್ದ. ತಾನಾಗಿ ತಲಾಕ್ ಕೊಟ್ಟರೆ ಮನೆ ಹೆಂಡತಿಗೆ ಸೇರಬೇಕು. ಆಗ ಎಲ್ಲರಿಗೂ ಅದೊಂದು ದೊಡ್ಡಸ್ತಿಕೆಯ ಮಾತಾಗಿ ಕಂಡಿತ್ತು. ಬಸ್ಸು ಬಂದ ಮೇಲೆ ಮೈಸೂರಿನ ಒಬ್ಬ ಕಂಟ್ರಾಕ್ಟರು ಮಗಳನ್ನು ಕೊಡಲು ಮುಂದೆ ಬಂದರು. ಸವತಿಯಿರುವ ಮನೆಗೆ ಹೆಣ್ಣು ಕೊಡುವುದಿಲ್ಲ, ಸವತಿಯ ಹೆಸರು ಅಂಟಿಕೊಂಡ ಮನೆಗೂ ಕೊಡುವುದಿಲ್ಲ ಎಂಬುದು ಅವರ ಷರತ್ತು.

ಹೆಂಡತಿಯೇ ಖುಲಾ, ಅಂದರೆ ಬಿಡುಗಡೆ, ಕೇಳಿದರೆ ಮಹರು ಬಿಟ್ಟುಹೋಗುತ್ತದೆ. ನಜೀರ್ ಕಂಡುಕೊಂಡ ದಾರಿ ಅದು.

ಎರಡು ತಿಂಗಳ ಹಿಂದೆ ಎತ್ತೊಂದು ಒದ್ದು ಬಾಬು ಜಾನನ ತೊಡೆಯ ಮೂಳೆ ಮುರಿದಿತ್ತು. ತಾಯಿಯಿಲ್ಲದ ಮನೆ, ನೋಡಿಕೊಳ್ಳುವವರಿಲ್ಲ. ಹಬೀಬುನ್ನೀಸಾ ನಾಲ್ಕು ವರ್ಷದ ಮಗಳು ಶಮೀಮ್ ಬಾನುವನ್ನು ಕಟ್ಟಿಕೊಂಡು ಮದ್ದೂರಿಗೆ ಬಂದಿದ್ದಳು. ಹದಿನೈದು ದಿನ ಕಳೆದ ಮೇಲೆ ನಜೀರ್ ಬಂದು, "ಅಮ್ಮಿ ಮಗೂನ ನೋಡ್ಬೇಕು ಅಂತಾಳೆ, ಎರಡು ದಿನ ಇಟ್ಕೊಂಡು ಕಳಿಸ್ತೀನಿ" ಎಂದು ಮಗುವನ್ನು ಡ್ರೈವರ್ ಸೀಟಿನ ಪಕ್ಕ ಕೂರಿಸಿಕೊಂಡು ಹೋದ. ಎರಡು ದಿನ ಹೋಗಿ ನಲವತ್ತು ದಿನವಾಗಿತ್ತು. ಕೇಳಿಕಳಿಸಿದಾಗಲೆಲ್ಲ ಮಗುವಿಗೆ ಜ್ವರ, ಮಗುವಿಗೆ ಕೆಮ್ಮು.

ಮಾರನೆಯ ಬೆಳಿಗ್ಗೆ ಹಬೀಬುನ್ನೀಸಾ ಬುರ್ಖಾ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ನಜೀರ್ ಬಸ್ಸಿನ ಹಿಂದೆ ನಿಂತು ಒಲೆಗೆ ಇದ್ದಿಲು ತುಂಬಿಸುತ್ತಿದ್ದ.

"ನಾನು ಯಾವಾಗ ಬಿಡುಗಡೆ ಕೇಳ್ದೆ?"

ಅವನು ತಿರುಗಿಯೂ ನೋಡಲಿಲ್ಲ. ಸುತ್ತ ಕುಳಿತಿದ್ದ ಪ್ರಯಾಣಿಕರಿಗೆ ಕೇಳುವ ಹಾಗೆ ಹೇಳಿದ: "ಕೇಳಿ ಮೂರು ತಿಂಗಳಾಯ್ತಲ್ಲ. ಕಾಗದ ನಿನ್ನದೇ, ಹೆಬ್ಬೆಟ್ಟೂ ನಿನ್ನದೇ. ಈಗ ಪರ ಗಂಡಸಿನ ಹತ್ರ ಹೀಗೆ ಬೀದೀಲಿ ನಿಂತು ಮಾತಾಡೋದು ಮರ್ಯಾದಸ್ತ ಹೆಂಗಸಿನ ಲಕ್ಷಣ ಅಲ್ಲ."

ಬಸ್ಸಿನೊಳಗಿಂದ ಯಾರೋ ನಕ್ಕರು. ಆ ನಗು ಅವಳ ಬೆನ್ನಿಗೆ ಅಂಟಿಕೊಂಡು ಮನೆಯವರೆಗೂ ಬಂತು. ಅಪ್ಪನ ಮುಂದೆ ಕೂತು ಅಳುತ್ತಾಳೆಂದು ಬಾಬು ಜಾನ್ ಕಾದ. ಅವಳು ಅಳಲಿಲ್ಲ. "ಅಬ್ಬಾ, ಮಳವಳ್ಳಿ ಜಮಾತಿಗೆ ಹೇಳಿಕಳಿಸು. ಆ ಕಾಗದ ನಾನು ನೋಡ್ಬೇಕು" ಎಂದಳು.

ಜಮಾತಿನವರು ಮಸೀದಿಯ ಪಕ್ಕದ ಕೋಣೆಯಲ್ಲಿ ಸೇರಿದರು. ಬಾಬು ಜಾನನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿದ್ದರು. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಕಾಗದ ಓದಿದರು. ನಾನು, ಬಾಬು ಜಾನನ ಮಗಳು ಹಬೀಬುನ್ನೀಸಾ, ಸ್ವಂತ ಇಷ್ಟದಿಂದ ಖುಲಾ ಕೇಳಿದ್ದೇನೆ, ಮಹರಿನ ಮನೆಯ ಮೇಲಿನ ಹಕ್ಕು ಬಿಟ್ಟಿದ್ದೇನೆ, ಮಗಳನ್ನು ತಂದೆಯ ಮನೆಗೆ ಒಪ್ಪಿಸಿದ್ದೇನೆ. ಸಾಕ್ಷಿಯ ಜಾಗದಲ್ಲಿ ನಜೀರನ ಚಿಕ್ಕಪ್ಪನ ಮಗ, ಬಸ್ಸಿನ ಕಂಡಕ್ಟರ್ ನಯಾಜ್ ಪಾಷಾನ ರುಜು.

"ನಾನು ಒತ್ತಿಲ್ಲ" ಎಂದಳು ಹಬೀಬುನ್ನೀಸಾ.

"ಎಲ್ಲರ ಹೆಬ್ಬೆಟ್ಟೂ ಒಂದೇ ತರ ಕಾಣ್ತದಮ್ಮ. ನೋಡಿ ನೀನೇ ಹೇಳು" ಎಂದು ಮುತವಲ್ಲಿ ಕಾಗದವನ್ನು ಅವಳ ಕೈಗೆ ಕೊಟ್ಟರು.

ಅವಳು ಬುರ್ಖಾದ ಮುಸುಕನ್ನು ಸ್ವಲ್ಪ ಎತ್ತಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಸಿಯ ಹೆಬ್ಬೆಟ್ಟಿನ ನಡುವೆ, ಮೇಲಿನ ಅಂಚಿನಿಂದ ಓರೆಯಾಗಿ ಕೆಳಗೆ ಇಳಿದ ಒಂದು ಬಿಳಿಯ ಗೆರೆ. ಈಳಿಗೆ ಮಣೆಯ ಮೇಲೆ ಕುಂಬಳಕಾಯಿ ಹೆಚ್ಚುವಾಗ ಜಾರಿ ಆದ ಗಾಯದ ಕಲೆ. ಮೂರು ವಾರ ದಿನವೂ ಅರಿಸಿನ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದ್ದವಳು ಹಬೀಬುನ್ನೀಸಾಳೇ. ಬೆರಳು ಅತ್ತೆಯದು, ಬಷೀರುನ್ನೀಸಾಳದು.

ಆ ಮನೆಯಲ್ಲಿ ಅವಳ ಮೇಲೆ ಒಂದಿಷ್ಟು ಮರುಕ ಇಟ್ಟುಕೊಂಡಿದ್ದವಳೆಂದರೆ ಆ ಮುದುಕಿ. ಬಾಣಂತನ ಮಾಡಿದವಳು. ನಜೀರ್ ಕೈಯೆತ್ತಿದಾಗ ನಡುವೆ ಬಂದು ಎರಡು ಸಲ ತಾನೇ ಏಟು ತಿಂದವಳು. ಅವಳ ಜೀವವೆಲ್ಲ ಮೊಮ್ಮಗಳ ಮೇಲೆ; ಶಮೀಮ್ ಮಲಗುತ್ತಿದ್ದದ್ದು ಅಜ್ಜಿಯ ಮಗ್ಗುಲಿನಲ್ಲೇ. 'ಹೆಬ್ಬೆಟ್ಟು ಒತ್ತು, ಮಗು ನಿನ್ನ ಹತ್ರಾನೇ ಇರ್ತದೆ' ಎಂದಿರಬೇಕು ಮಗ. ಹಬೀಬುನ್ನೀಸಾಳಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಇಲ್ಲಿ ಹೇಳಿದರೆ ಏನಾಗುತ್ತದೆ? ಕಾಗದ ಹರಿದುಹಾಕುತ್ತಾರೆ. ತಪ್ಪಾಯಿತು ಎನ್ನಿಸುತ್ತಾರೆ. ನಾಲ್ಕು ಬುದ್ಧಿಮಾತು ಹೇಳಿ, ಗಂಡನ ಜೊತೆ ಹೋಗಮ್ಮ ಎಂದು ಕಳಿಸುತ್ತಾರೆ. ಬಸ್ಸಿನೊಳಗಿಂದ ನಕ್ಕವರು ಹಾಗೆಯೇ ಉಳಿಯುತ್ತಾರೆ.

"ನಾನು ಒತ್ತಿಲ್ಲ. ನಾನು ಮಂಡ್ಯ ಕೋರ್ಟಿಗೆ ಹೋಗ್ತೀನಿ" ಎಂದಷ್ಟೇ ಹೇಳಿ ಕಾಗದವನ್ನು ಜೋಪಾನವಾಗಿ ಮುತವಲ್ಲಿಯ ಕೈಗೆ ಹಿಂದಿರುಗಿಸಿದಳು.

ನಜೀರ್ ಮೀಸೆಯಡಿಯಲ್ಲಿ ನಕ್ಕ. "ಹೋಗ್ಲಿ ಬಿಡಿ. ಅಲ್ಲೂ ಇದೇ ಕಾಗದ ತೋರಿಸ್ತೀನಿ."

ಅವಳಿಗೆ ಬೇಕಾದದ್ದೂ ಅದೇ.

ಮಂಡ್ಯದ ವಕೀಲ ಕೆಂಪಯ್ಯನವರು ಒಂದು ಕಾಲದಲ್ಲಿ ತಮ್ಮ ಹಳ್ಳಿಯ ಎತ್ತುಗಳಿಗೆ ಬಾಬು ಜಾನನಿಂದಲೇ ಲಾಳ ಕಟ್ಟಿಸಿದವರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ಈ ಗಾಯದ ಇಚಾರ ಇನ್ಯಾರಿಗೆ ಗೊತ್ತು?"

"ಅಬ್ಬಾಗೂ ಹೇಳಿಲ್ಲ ಸ್ವಾಮಿ."

"ಏಳ್ಲೇಬ್ಯಾಡ. ಮಗು ನನಗೆ ಕೊಡಿಸಿ ಅಂತ ಅರ್ಜಿ ಆಕೋಣ. ಅವನು ತಾನಾಗೇ ಕಾಗದ ತಂದು ಕೋರ್ಟಿನ ಮೇಜಿನ ಮೇಲೆ ಮಡಗ್ತಾನೆ. ಒಂದ್ಸಲ ಅಲ್ಲಿ ಮಡಗಿದ್ರೆ ಅದನ್ನ ಹರಿಯೋಕೂ ಆಗಕಿಲ್ಲ, ನುಂಗೋಕೂ ಆಗಕಿಲ್ಲ." ಸ್ವಲ್ಪ ತಡೆದು ಕೇಳಿದರು: "ನಿನಗೆ ಮಗು ಸಿಕ್ಕಿದ್ರೆ ಸಾಕಾ ತಾಯಿ, ಇಲ್ಲಾ ಇನ್ನೂ ಏನಾದ್ರೂ ಬೇಕಾ?"

"ಮಗು ಬೇಕು. ಅವನು ಜೈಲಿಗೂ ಹೋಗ್ಬೇಕು."

ಕೆಂಪಯ್ಯನವರು ಅವಳ ಮುಖವನ್ನೇ ನೋಡಿದರು. ಇಪ್ಪತ್ತೆರಡು ವರ್ಷದ ಹೆಂಗಸು ಮಾರುಕಟ್ಟೆಯಲ್ಲಿ ತರಕಾರಿ ಕೇಳುವಷ್ಟು ತಣ್ಣಗೆ ಆ ಮಾತು ಹೇಳಿದ್ದಳು.

ಕೇಸು ಎಂಟು ತಿಂಗಳು ನಡೆಯಿತು. ಪ್ರತಿ ಸಲವೂ ಮದ್ದೂರಿನಿಂದ ರೈಲು ಹತ್ತಿ ಮಂಡ್ಯಕ್ಕೆ ಹೋಗುವುದು, ಕೋರ್ಟಿನ ಜಗಲಿಯಲ್ಲಿ ಕಾಯುವುದು, ವಾಯಿದೆ ಪಡೆದು ಬರುವುದು. ಈ ನಡುವೆ ನಜೀರನಿಗೆ ಮೈಸೂರಿನ ಮದುವೆಯೂ ಆಯಿತು. ಮದುವೆಯ ದಿಬ್ಬಣದ ಬಸ್ಸು ಬೇಕೆಂದೇ ಬಾಬು ಜಾನನ ಬೀದಿಯಲ್ಲಿ ಹಾರ್ನು ಬಾರಿಸುತ್ತ ಹೋಯಿತು. ಹಬೀಬುನ್ನೀಸಾ ಬಾಗಿಲು ಹಾಕಲಿಲ್ಲ. ಹೊಸ್ತಿಲಲ್ಲಿ ನಿಂತು ಬಸ್ಸು ಮರೆಯಾಗುವ ತನಕ ನೋಡಿದಳು. ಬಾಬು ಜಾನ್ ಕೋಲೂರಿಕೊಂಡು ಓಡಾಡುವಂತಾಗಿದ್ದ. "ಒಳಗೆ ಬಾಮ್ಮ" ಎಂದು ಮೂರು ಸಲ ಕರೆದ. ಬರಲಿಲ್ಲ.

ಕೊನೆಗೆ ನಜೀರನ ಸರದಿ ಬಂತು. ಕುರಾನ್ ಮುಟ್ಟಿ ಪ್ರಮಾಣ ಮಾಡಿ ಕಟಕಟೆಯಲ್ಲಿ ನಿಂತ. ಕೆಂಪಯ್ಯನವರು ಬಹಳ ಮೆತ್ತಗೆ ಕೇಳಿದರು:

"ಈ ಹೆಬ್ಬೆಟ್ಟು ಒತ್ತಿದ್ದು ನಿಮ್ಮ ಹೆಂಡತಿಯೇ?"

"ಅವಳೇ."

"ನೀವು ಕಣ್ಣಾರೆ ನೋಡಿದಿರಾ?"

ನಜೀರ್ ಒಂದು ಗಳಿಗೆ ಯೋಚಿಸಿದ. "ನಾನು, ನಯಾಜ್ ಇಬ್ರೂ ಹೊರಗೆ ಜಗಲಿ ಮೇಲೆ ಕೂತಿದ್ವಿ. ಕಾಗದ ಒಳಗೆ ತಗೊಂಡು ಹೋಗಿ ಒತ್ತಿಸ್ಕೊಂಡು ಬಂದಿದ್ದು ಅಮ್ಮಿ."

ಹಬೀಬುನ್ನೀಸಾಳಿಗೆ ಅರ್ಥವಾಯಿತು. ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಇವನು ಹೆತ್ತ ತಾಯಿಯನ್ನು ಅಡ್ಡ ನಿಲ್ಲಿಸಿಕೊಂಡಿದ್ದ. ಜಗಲಿಯ ಮೇಲೆ ಕೂತ ಗಂಡಸರು ಸಾಚಾ, ಒಳಗಿನ ಮುದುಕಿ ಕಳ್ಳಿ.

ಹಬೀಬುನ್ನೀಸಾಳ ಎರಡೂ ಹೆಬ್ಬೆಟ್ಟಿನ ಗುರುತು ತೆಗೆದು ಕಾಗದದ ಜೊತೆಗೆ ಬೆರಳಚ್ಚು ನೋಡುವವರಿಗೆ ಕಳಿಸಿದರು. ಒಂದೂವರೆ ತಿಂಗಳಿಗೆ ಉತ್ತರ ಬಂತು: ಇದು ಅವಳದಲ್ಲ. ಅಂದೇ ಕೆಂಪಯ್ಯನವರು ಎದ್ದು ನಿಂತು, ಬಷೀರುನ್ನೀಸಾಳನ್ನು ಕೋರ್ಟಿಗೆ ಕರೆಸಿ ಅವಳ ಹೆಬ್ಬೆಟ್ಟನ್ನೂ ತೆಗೆದುಕೊಳ್ಳಬೇಕೆಂದು ಕೇಳಿದರು. ನಜೀರನ ಮುಖ ಇದ್ದಿಲಾಯಿತು.

ವಾಯಿದೆಯ ಹಿಂದಿನ ಸಂಜೆ ಮಳವಳ್ಳಿಯ ಬಸ್ಸು ಮದ್ದೂರಿನಲ್ಲಿ ಬಾಬು ಜಾನನ ಮನೆಯ ಮುಂದೆಯೇ ನಿಂತಿತು. ನಜೀರ್ ಇಳಿದ. ಅವನ ಕೈಹಿಡಿದು ಶಮೀಮ್ ಇಳಿದಳು. ಮಗು ಒಂದು ಗೇಣು ಬೆಳೆದಿತ್ತು. ತಾಯಿಯನ್ನು ನೋಡಿ ತಕ್ಷಣ ಓಡಿಬರಲಿಲ್ಲ. ಅಪ್ಪನ ಕಾಲಿಗೆ ಒತ್ತಿಕೊಂಡು ನಿಂತಿತು.

"ಮಾಮು, ಆದದ್ದು ಆಗೋಯ್ತು" ಎಂದ ನಜೀರ್, ಬಾಬು ಜಾನನನ್ನು ನೋಡಿಕೊಂಡು. "ಮಗೂನ ಕರ್ಕೊಂಡು ಬಂದಿದೀನಿ. ಇಟ್ಕೊಳ್ಲಿ. ನಾಳೆ ಕೋರ್ಟಲ್ಲಿ ರಾಜಿ ಆಯ್ತು ಅಂದ್ಬಿಡ್ಲಿ, ಸಾಕು. ಅಮ್ಮಿಗೆ ವಯಸ್ಸಾಯ್ತು, ಕಟಕಟೆ ಹತ್ತಿಸ್ಬೇಡಿ."

ಬಾಬು ಜಾನನ ಕಣ್ಣಲ್ಲಿ ನೀರು ಬಂತು. "ಒಪ್ಕೊಳ್ಳಮ್ಮ ಹಬೀಬಾ. ನಮಗೆ ಇನ್ನೇನು ಬೇಕು?"

ಹಬೀಬುನ್ನೀಸಾ ಮೆಟ್ಟಿಲಿಳಿದು ಬಂದು ಮಗುವನ್ನು ಎತ್ತಿಕೊಂಡಳು. "ಆಯ್ತು" ಎಂದಳು.

"ನಾಳೆ ರಾಜಿ ಅಂತ ಹೇಳ್ತೀಯಲ್ಲ?"

"ಆಯ್ತು ಅಂದ್ನಲ್ಲ."

ಮಗುವನ್ನು ಒಳಗೆ ಕರೆದೊಯ್ದು ಚಿಲಕ ಹಾಕಿದಳು. ಬಸ್ಸು ಹೊರಟ ಸದ್ದು ಕೇಳಿದ ಮೇಲೆ, ಮಗಳ ತಲೆ ಬಿಚ್ಚಿ ಹೇನು ನೋಡುತ್ತ ಕೂತಳು. ಬಾಬು ಜಾನ್ ನಮಾಜಿಗೆ ಕೂತು ಬಹಳ ಹೊತ್ತು ಕೈಯೆತ್ತಿ ಪ್ರಾರ್ಥಿಸಿದ. ಮನೆಗೆ ನೆಮ್ಮದಿ ಬಂತೆಂದೇ ಅವನು ನಂಬಿದ್ದ.

ಮರುದಿನ ಕೋರ್ಟಿನಲ್ಲಿ ನಜೀರನ ವಕೀಲರು ಎದ್ದು, ಉಭಯಪಕ್ಷಗಳಿಗೂ ರಾಜಿಯಾಗಿದೆ, ಮಗು ಆಗಲೇ ತಾಯಿಯ ಹತ್ತಿರ ಇದೆ ಎಂದರು. ಜಡ್ಜಿಯವರು ಹಬೀಬುನ್ನೀಸಾಳನ್ನು ಕೇಳಿದರು.

"ರಾಜಿ ಇಲ್ಲ ಸ್ವಾಮಿ. ಹೆಬ್ಬೆಟ್ಟು ಯಾರದು ಅಂತ ನೋಡ್ಬೇಕು" ಎಂದಳು ಅವಳು.

"ನಿನ್ನೆ ಸಂಜೆ ಮಾತು ಕೊಟ್ಟೆಯಲ್ಲೇ!" ನಜೀರ್ ಕೂತಲ್ಲಿಂದ ಚೀರಿದ. "ಅದಕ್ಕೇ ಅಲ್ವಾ ಮಗೂನ ಕೊಟ್ಟಿದ್ದು?"

"ನಾನೆಲ್ಲೂ ಹೆಬ್ಬೆಟ್ಟು ಒತ್ತಿ ಕೊಟ್ಟಿಲ್ಲ ಸ್ವಾಮಿ" ಎಂದಳು ಹಬೀಬುನ್ನೀಸಾ, ಜಡ್ಜಿಯವರ ಕಡೆಗೇ ತಿರುಗಿ.

ಈ ಸಲ ನಕ್ಕವರು ಕೋರ್ಟಿನಲ್ಲಿ ಕೂತವರು. ಹಿಂದಿನ ಬೆಂಚಿನಲ್ಲಿದ್ದ ಬಾಬು ಜಾನ್ ಮಾತ್ರ ತಲೆ ತಗ್ಗಿಸಿದ. ಮಗಳು ಸುಳ್ಳು ಹೇಳಿದ್ದನ್ನು ಅವನು ಇದೇ ಮೊದಲು ಕಂಡದ್ದು.

ಬಷೀರುನ್ನೀಸಾಳನ್ನು ಕರೆದರು. ಮುದುಕಿ ಗೋಡೆ ಹಿಡಿದುಕೊಂಡು ಬಂದಳು. ಮಸಿ ಹಚ್ಚಿ ಹೆಬ್ಬೆಟ್ಟು ತೆಗೆದುಕೊಂಡರು. ಬೆರಳಚ್ಚಿನವರು ಭೂತಕನ್ನಡಿ ಹಿಡಿಯುವ ಮುಂಚೆಯೇ, ಓರೆಯಾದ ಬಿಳಿಯ ಗೆರೆ ಎರಡು ಕಾಗದದಲ್ಲೂ ಬರಿಗಣ್ಣಿಗೇ ಕಾಣುತ್ತಿತ್ತು.

"ಇದನ್ನು ಒತ್ತು ಅಂತ ಯಾರು ಹೇಳಿದ್ದು?" ಎಂದು ಜಡ್ಜಿಯವರು ಕೇಳಿದರು.

ಮುದುಕಿ ಮಗನ ಕಡೆ ನೋಡಿದಳು. ಮಗ ನೆಲ ನೋಡುತ್ತಿದ್ದ.

"ಯಾರೂ ಹೇಳಿಲ್ಲ. ಮೊಮ್ಮಗಳ ಮೇಲಿನ ಆಸೇಗೆ ನಾನೇ ಮಾಡ್ದೆ. ನನ್ನ ಮಗನಿಗೆ ಏನೂ ಗೊತ್ತಿಲ್ಲ."

ಖುಲಾ ಪತ್ರ ಸುಳ್ಳೆಂದು ತೀರ್ಮಾನವಾಯಿತು. ಮಗು ತಾಯಿಗೆ ಸೇರಿತು. ಸುಳ್ಳು ಕಾಗದ ಮಾಡಿದ್ದಕ್ಕೆ ಬಷೀರುನ್ನೀಸಾಳ ಮೇಲೆ ಮ್ಯಾಜಿಸ್ಟ್ರೇಟರ ಬಳಿ ಕೇಸು ನಡೆಯಲಿ ಎಂದು ಜಡ್ಜಿಯವರು ಬರೆಸಿದರು.

ಹೊರಗೆ ಹೊಂಗೆ ಮರದ ಕೆಳಗೆ ನಜೀರ್ ಅಡ್ಡ ಬಂದ. ಕಣ್ಣು ಕೆಂಡವಾಗಿತ್ತು. ಮೈಸೂರಿನ ಮಾವ ಆಗಲೇ ಒಂದು ಮಾತೂ ಆಡದೆ ಜಟಕಾ ಹತ್ತಿ ಹೊರಟುಹೋಗಿದ್ದರು.

"ಕಾಗದ ಬಿದ್ದೋಯ್ತು, ಇನ್ನೂ ನನ್ನ ಹೆಂಡತಿ ಅಂತ ಮೆರೀಬೇಡ!" ಎಂದು ಕಿರುಚಿದ.

"ಮೆರೀದೆ ಏನು? ಮಳವಳ್ಳಿ ಮನೆಗೆ ನಾಳೆನೇ ಬರ್ತೀನಿ. ನಿನ್ನ ಹೊಸ ಹೆಂಡತಿಗೆ ಚೆಂಬು ತಂಬಿಗೆ ತೊಳೆದಿಟ್ಟಿರೋಕೆ ಹೇಳು" ಎಂದಳು ಹಬೀಬುನ್ನೀಸಾ. ಅವನನ್ನು ಕೆಣಕಿದರೆ ಏನು ಬರುತ್ತದೆಂದು ಐದು ವರ್ಷ ಬಾಳಿದವಳಿಗೆ ಗೊತ್ತಿತ್ತು.

"ತಲಾಕ್!" ಎಂದ ಅವನು. "ತಲಾಕ್! ತಲಾಕ್!"

ಬಾಬು ಜಾನ್ ಕಿವಿ ಮುಚ್ಚಿಕೊಂಡ. ಕೆಂಪಯ್ಯನವರು ಮಾತ್ರ ಅಲ್ಲೇ ನಿಂತಿದ್ದ ಇಬ್ಬರು ಸಾಬರನ್ನು ಕರೆದು ಹೆಸರು, ಊರು ಕೇಳಿ ಬರೆದುಕೊಂಡರು. ಆಮೇಲೆ ನಜೀರನಿಗೆ ಹೇಳಿದರು: "ಖುಲಾ ಸುಳ್ಳು ಅಂತ ಈಗ ತಾನೆ ಆಯ್ತು. ಇದು ನೀನಾಗೇ ಕೊಟ್ಟ ತಲಾಕು. ಮಹರಿನ ಮನೆ ಈಯಮ್ಮಂದು ಕಣಪ್ಪ. ಖಾಲಿ ಮಾಡೋಕೆ ಸಾಮಾನು ಕಟ್ಕೋ."

ಅಪ್ಪ ಮಗಳು ರೈಲಿನಲ್ಲಿ ಹಿಂದಿರುಗುವಾಗ ಬಾಬು ಜಾನ್ ಹೇಳಿದ: "ಮಗು ಬಂತು. ಮನೆ ಬಂತು. ಇನ್ನು ಸಾಕು ಮಾಡಮ್ಮ. ಆ ಮುದುಕಿ ಮೇಲಿನ ಕೇಸು ತೆಗೆಸ್ಬಿಡು. ನಿನ್ನ ಬಾಣಂತನ ಮಾಡಿದ ಕೈ ಅದು."

"ಅದಕ್ಕೇ ಅಬ್ಬಾ, ಆ ಕೈ ಜೈಲಿಗೆ ಹೋಗ್ಬಾರ್ದು. ಹೋಗ್ಬೇಕಾದೋನು ಬೇರೆ."

"ದ್ವೇಷ ನಿನ್ನನ್ನೇ ತಿಂತದೆ ಕಣೆ."

"ತಿನ್ಲಿ. ನಾನು ಬಸ್ಸಿನ ಹಿಂದೆ ನಿಂತಿದ್ದಾಗ ನೀನು ಇರಲಿಲ್ಲ ಅಬ್ಬಾ."

ವಾರದ ಮೇಲೆ ಅವಳು ಮಗುವನ್ನು ಕರೆದುಕೊಂಡು ಮಳವಳ್ಳಿಗೆ ಹೋದಳು. ಹೊಸ ಹೆಂಡತಿಯನ್ನು ತವರಿನವರು ಕರೆದುಕೊಂಡು ಹೋಗಿದ್ದರು. ನಜೀರ್ ಬಸ್ಸಿನ ಮೇಲಿದ್ದ. ಮುದುಕಿ ಒಬ್ಬಳೇ ಹಿತ್ತಿಲಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಶಮೀಮ್ "ದಾದಿ!" ಎಂದು ಕೈಬಿಡಿಸಿಕೊಂಡು ಓಡಿತು. ಹಬೀಬುನ್ನೀಸಾ ರಟ್ಟೆ ಹಿಡಿದು ನಿಲ್ಲಿಸಿದಳು. ಮಗು ಜಗ್ಗಿ ಜಗ್ಗಿ ಅತ್ತಿತು. ಅವಳು ಬಿಡಲಿಲ್ಲ.

"ಅತ್ತೆ, ಅವನು ಕೋರ್ಟಲ್ಲಿ ಪ್ರಮಾಣ ಮಾಡಿ ಏನು ಹೇಳ್ದ ಗೊತ್ತಾ? ಕಾಗದ ಒಳಗೆ ತಗೊಂಡು ಹೋಗಿದ್ದು ಅಮ್ಮಿ ಅಂದ. ನಿನ್ನನ್ನ ಕೋರ್ಟಿಗೆ ಕರೆಸೋ ಮುಂಚೇನೇ, ಯಾರೂ ನಿನ್ನ ಹೆಸರು ಎತ್ತದೇನೇ, ನಿನ್ನ ಕುತ್ತಿಗೆ ಮುಂದಕ್ಕೆ ನೂಕ್ದ."

"ಮಗ ಅಲ್ವೇನೇ" ಎಂದಳು ಮುದುಕಿ. ಅವಳ ಕಣ್ಣು ಮಗುವಿನ ಮೇಲೇ ಇತ್ತು.

"ಮ್ಯಾಜಿಸ್ಟ್ರೇಟ್ರ ಮುಂದೆ ನಿಜ ಹೇಳು. ಹೇಳಿದ್ರೆ ಇದು ನಿನ್ನ ಮಗ್ಗುಲಲ್ಲೇ ಮಲಗ್ತದೆ, ನೀನು ಸಾಯೋ ತನಕ. ಹೇಳ್ದೆ ಇದ್ರೆ ಇವತ್ತೇ ಕಡೆ. ನೀನು ಸತ್ರೆ ನಿನ್ನ ಜನಾಜಕ್ಕೂ ಇದನ್ನ ಕರ್ಕೊಂಡು ಬರಲ್ಲ."

ಬಷೀರುನ್ನೀಸಾ ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಸುರಿದಳು. ಆಮೇಲೆ ತಣ್ಣಗೆ ಹೇಳಿದಳು: "ಹೆಬ್ಬೆಟ್ಟು ಒತ್ತಿಸ್ಕೊಳ್ಳೋವಾಗ ಅವನೂ ಇದೇ ಮಾತು ಹೇಳಿದ್ದ ಕಣೆ. ಇದೇ ಮಗೂನ ಹೀಗೇ ಹಿಡ್ಕೊಂಡಿದ್ದ."

ಹಬೀಬುನ್ನೀಸಾ ಮಗುವನ್ನು ಹಿಡಿದಿದ್ದ ಕೈ ಒಂದು ಗಳಿಗೆ ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ಅವನು ಮಾತು ಉಳಿಸ್ಕೊಳ್ಲಿಲ್ಲ. ನಾನು ಉಳಿಸ್ಕೋತೀನಿ" ಎಂದು ಮಗುವನ್ನು ಎತ್ತಿಕೊಂಡು ಹೊರಟಳು.

ಮ್ಯಾಜಿಸ್ಟ್ರೇಟರ ಮುಂದೆ ಬಷೀರುನ್ನೀಸಾ ಎಲ್ಲವನ್ನೂ ಹೇಳಿದಳು. ಕಾಗದ ಬರೆಸಿದ್ದು ಯಾರು, ಮಸಿ ತಂದದ್ದು ಯಾರು, ಬೆರಳು ಹಿಡಿದು ಒತ್ತಿಸಿದ್ದು ಯಾರು. ಹೇಳುವಾಗ ಒಮ್ಮೆಯೂ ಮಗನನ್ನು ನೋಡಲಿಲ್ಲ. ಹೆದರಿದ ನಯಾಜ್ ಪಾಷಾ ತಾನೂ ಬಾಯಿಬಿಟ್ಟ. ಮುದುಕಿಯನ್ನು ವಯಸ್ಸು ನೋಡಿ ಎಚ್ಚರಿಕೆ ಕೊಟ್ಟು ಬಿಟ್ಟರು. ನಜೀರ್ ಅಹ್ಮದನಿಗೆ ಎರಡು ವರ್ಷ ಸಜೆಯಾಯಿತು. ಪೊಲೀಸರು ಕರೆದುಕೊಂಡು ಹೋಗುವಾಗ ಅವನು ಹಬೀಬುನ್ನೀಸಾ ನಿಂತಿದ್ದ ಜಗಲಿಯ ಪಕ್ಕದಲ್ಲೇ ಹಾದುಹೋಗಬೇಕಾಯಿತು. ಅವಳು ಮುಸುಕು ಎತ್ತಿ ನಿಂತಿದ್ದಳು. ತನ್ನ ಮುಖ ಅವನಿಗೆ ಚೆನ್ನಾಗಿ ಕಾಣಲಿ ಎಂದೇ. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡಳು. ಒಂದು ವರ್ಷದಲ್ಲಿ ಅಷ್ಟು ರುಚಿಯಾಗಿ ಉಂಡದ್ದು ಅದೇ ಮೊದಲು.

ನಜೀರನ ಬಸ್ಸು ಬೇರೆಯವರ ಪಾಲಾಯಿತು. ಮೈಸೂರಿನ ಹೆಂಡತಿ ತಿರುಗಿ ಬರಲಿಲ್ಲ. ಹಬೀಬುನ್ನೀಸಾ ಅಪ್ಪನನ್ನು ಕರೆದುಕೊಂಡು ಮಳವಳ್ಳಿಯ ಮನೆಗೆ ಬಂದು ನೆಲೆಸಿದಳು. ಬಾಬು ಜಾನ್ ಸಂತೆಮಾಳದ ಹತ್ತಿರ ಒಂದು ಮರದಡಿ ಲಾಳದ ಕೆಲಸ ಶುರುಮಾಡಿದ. ಬಂಡೂರು, ಕಿರುಗಾವಲಿನ ಕಡೆಯ ರೈತರು ಎತ್ತು ಹೊಡೆದುಕೊಂಡು ಬರತೊಡಗಿದರು. ಬಷೀರುನ್ನೀಸಾ ಮಾತಿನಂತೆ ಅದೇ ಮನೆಯಲ್ಲಿ ಉಳಿದಳು. ಶಮೀಮ್ ಅವಳ ಮಗ್ಗುಲಲ್ಲೇ ಮಲಗುತ್ತಿತ್ತು. ಹಬೀಬುನ್ನೀಸಾ ಅವಳಿಗೆ ಹೊತ್ತುಹೊತ್ತಿಗೆ ಊಟ ಬಡಿಸುತ್ತಿದ್ದಳು, ಬಟ್ಟೆ ಕೊಡಿಸುತ್ತಿದ್ದಳು, ಬೇಕಾದದ್ದಕ್ಕಿಂತ ಹೆಚ್ಚು ಒಂದು ಮಾತೂ ಆಡುತ್ತಿರಲಿಲ್ಲ. ಇದು ದಯೆಯೆಂದು ಬೀದಿಯವರು ಹೊಗಳಿದರು. ಬಾಬು ಜಾನನಿಗೆ ಮಾತ್ರ ಮಗಳು ಯಾರ ದಾರಿ ಕಾಯುತ್ತಿದ್ದಾಳೆಂಬುದು ತಿಳಿದಿತ್ತು.

ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ, ಬೇಸಿಗೆ. ಮಧ್ಯಾಹ್ನದ ಊಟ ಮುಗಿದಿತ್ತು. ಬಾಬು ಜಾನ್ ಕೆಲಸದ ಮೇಲೆ ಹೋಗಿದ್ದ. ಬಾಗಿಲ ಪರದೆಯ ಆಚೆ ಯಾರೋ ಕೆಮ್ಮಿದರು.

ಹಬೀಬುನ್ನೀಸಾ ಕೆಮ್ಮಿನಲ್ಲೇ ಗುರುತು ಹಿಡಿದಳು. ಎದ್ದು ಪರದೆಯ ಹತ್ತಿರ ಬಂದು, ಮುಟ್ಟದೆ ನಿಂತಳು.

"ಯಾರು?"

"ನಾನು. ನಜೀರ್."

"ಯಾವ ನಜೀರ್?"

ಬಿಸಿಲಿನಲ್ಲಿ ಎರಡು ಬರಿಗಾಲು ಪರದೆಯ ಕೆಳಗಿನ ಸಂದಿಯಲ್ಲಿ ಕಾಣುತ್ತಿದ್ದವು. ಬಿರುಕು ಬಿಟ್ಟ ಹಿಮ್ಮಡಿ.

"ಈ ಮನೆಯ ಗಂಡಸರು ಈಗ ಮನೇಲಿಲ್ಲ" ಎಂದಳು ಹಬೀಬುನ್ನೀಸಾ, ದಾರಿಹೋಕರೊಡನೆ ಮಾತಾಡುವ ಮರ್ಯಾದೆಯಲ್ಲಿ. "ಹೆಂಗಸರಷ್ಟೇ ಇದ್ದೀವಿ. ಸಂಜೆ ಬನ್ನಿ."

"ಅಮ್ಮೀನ ಒಂದ್ಸಲ ಕರಿ" ಎಂದ ಅವನು. ದನಿ ಸೋತಿತ್ತು.

ಒಳಗೆ ಬಷೀರುನ್ನೀಸಾ ಆಗಲೇ ಎದ್ದು ನಿಂತಿದ್ದಳು. ನಿದ್ದೆಹೋಗಿದ್ದ ಶಮೀಮ್ ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಮುದುಕಿ ಸೆರಗು ಬಿಡಿಸಿಕೊಂಡು, ಮಡಕೆಯಿಂದ ಒಂದು ಚೆಂಬು ನೀರು ಬಗ್ಗಿಸಿದಳು. ಸೊಸೆಯ ಮುಖ ನೋಡಿದಳು. ಹಬೀಬುನ್ನೀಸಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ತಾಯಿ ಮಗ ಜಗಲಿಯ ಅಂಚಿನಲ್ಲಿ ನಿಂತು ಏನು ಮಾತಾಡಿಕೊಂಡರೋ ಕೇಳಿಸಲಿಲ್ಲ. ಅವನು ನೀರು ಗಟಗಟನೆ ಕುಡಿದ ಸದ್ದು ಮಾತ್ರ ಕೇಳಿಸಿತು. "ನನ್ನ ಜೊತೆ ಬಾ" ಎಂದದ್ದು ಒಂದು ಸಲ ಜೋರಾಗಿ ಕೇಳಿತು. ಮುದುಕಿ ಏನೋ ಮೆಲ್ಲಗೆ ಹೇಳಿದಳು. ಹೆಜ್ಜೆಯ ಸದ್ದು ಬೀದಿಗಿಳಿದು ದೂರವಾಯಿತು.

ಖಾಲಿ ಚೆಂಬು ಹಿಡಿದುಕೊಂಡು ಒಳಗೆ ಬಂದ ಬಷೀರುನ್ನೀಸಾ ಗೋಡೆಗೊರಗಿ ಕೂತಳು. ಬಾಯಿಗೆ ಸೆರಗು ಒತ್ತಿ, ಮಗುವಿಗೆ ಎಚ್ಚರವಾಗದಂತೆ ಅತ್ತಳು.

ಮೂರು ವರ್ಷದಿಂದ ಈ ಗಳಿಗೆಗಾಗಿಯೇ ಕಾದಿದ್ದ ಹಬೀಬುನ್ನೀಸಾ ಪರದೆಯನ್ನು ಸ್ವಲ್ಪ ಸರಿಸಿ ಬೀದಿಯ ಕಡೆ ನೋಡಿದಳು. ಅವನು ತಿರುವಿನಲ್ಲಿ ಒಂದು ಸಲ ನಿಂತು ಮನೆಯನ್ನು ತಿರುಗಿ ನೋಡಿದ. ಅವನು ನೋಡಿದ್ದು ಅವಳಿಗೆ ಹಿತವಾಗಿಯೇ ಇತ್ತು. ಹಿಂದಿನಿಂದ ಮುದುಕಿಯ ಬಿಕ್ಕು ಕೇಳುತ್ತಿತ್ತು. ಅದು ನಿಲ್ಲುವ ತನಕ ಅವಳು ಒಳಕ್ಕೆ ತಿರುಗಲಿಲ್ಲ.